ಖಭೌತಶಾಸ್ತ್ರ ಬಿಡಬೇಡಿ, ಎರಡನ್ನೂ ಮಾಡಬಹುದು

ಎಮ್ಮೆಸ್ಸಿ ಫಿಸಿಕ್ಸ್ ಓದುತ್ತಿದ್ದೇನೆ, ಆಸ್ಟ್ರೇಲಿಯಾದ ಮೂಲನಿವಾಸಿಗಳ ಆಕಾಶಜ್ಞಾನ ತುಂಬಾ ಸೆಳೆಯುತ್ತಿದೆ, ಅದಕ್ಕಾಗಿ ಖಭೌತಶಾಸ್ತ್ರ (ಆಸ್ಟ್ರೋಫಿಸಿಕ್ಸ್) ಬಿಡಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ರೇ ನಾರಿಸ್ ಅವರನ್ನೇ ನೋಡಿ. ಆಸ್ಟ್ರೇಲಿಯಾ ಸರ್ಕಾರದ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒದಲ್ಲಿ ರೇಡಿಯೋ ಖಗೋಳ ವಿಜ್ಞಾನಿಯಾಗಿ ದುಡಿದವರು. ಅಲ್ಲಿನ 36 ಡಿಶ್‌ಗಳ ಆಸ್ಕ್ಯಾಪ್ ರೇಡಿಯೋ ದೂರದರ್ಶಕದಲ್ಲಿ ಕೋಟಿಗಟ್ಟಲೆ ಗ್ಯಾಲಕ್ಸಿ ಹುಡುಕುವ 'ಎಮು' ಸಮೀಕ್ಷೆಯನ್ನು ಮುನ್ನಡೆಸಿದವರು. ಜೊತೆಗೇ ಮೂಲನಿವಾಸಿಗಳ ಆಕಾಶವನ್ನೂ ಅಧ್ಯಯನ ಮಾಡಿದರು.

ಆ ಮೂಲನಿವಾಸಿಗಳ ಆಕಾಶದಲ್ಲೂ ಒಂದು ಎಮು ಇದೆ, ಹಾರಲಾರದ ಆ ದೊಡ್ಡ ಹಕ್ಕಿ. ನಕ್ಷತ್ರ ಸೇರಿಸಿ ಬಿಡಿಸಿದ ಚಿತ್ರ ಅಲ್ಲ ಅದು, ಆಕಾಶಗಂಗೆಯ ನಡುವಿನ ಕಪ್ಪು ಧೂಳಿನದು. ನಾವು ತ್ರಿಶಂಕು ಅನ್ನುತ್ತೇವಲ್ಲ, ಆ ಶಿಲುಬೆಯಾಕಾರದ ನಕ್ಷತ್ರಪುಂಜ (ಸದರ್ನ್ ಕ್ರಾಸ್), ಅದರ ಪಕ್ಕದ ಕರಿ ಮಚ್ಚೆಯೇ ಹಕ್ಕಿಯ ತಲೆ. ಸಿಡ್ನಿಯ ಉತ್ತರಕ್ಕಿರುವ ಕು-ರಿಂಗ್-ಗೈ ಚೇಸ್ ಕಾಡಿನ ಬಂಡೆಯ ಮೇಲೆ ಎಮು ಕೆತ್ತಿದ್ದಾರೆ. ಅಲ್ಲಿನ ಶರತ್ಕಾಲದ (ಮಾರ್ಚ್‌ನಿಂದ ಮೇ) ರಾತ್ರಿ ಆಕಾಶದ ಎಮು ಅದರ ಮೇಲೆ ಅದೇ ಭಂಗಿಯಲ್ಲಿ ನಿಲ್ಲುತ್ತದೆ. ಎಮು ಮೊಟ್ಟೆ ಇಡುವ ಕಾಲವೂ ಅದೇ! ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಮೊದಲು ಪಿಎಚ್‌ಡಿ ಗಟ್ಟಿಯಾಗಿ ಮಾಡಿ. ಆಮೇಲೆ ಆಸ್ಟ್ರೇಲಿಯಾಕ್ಕೆ ಹೋದರೆ ಮೂಲನಿವಾಸಿ ಹಿರಿಯರ ಒಪ್ಪಿಗೆ ಪಡೆದೇ ಕೆಲಸ ಶುರು ಮಾಡಿ. ಆ ಕಥೆಗಳು ಅವರವು, ಸುಮ್ನೆ ಎತ್ತಿಕೊಂಡು ಬರೆಯುವಂಥದ್ದಲ್ಲ. ಅಲ್ಲಿವರೆಗೆ ಮೇ ತಿಂಗಳ ರಾತ್ರಿ ದಕ್ಷಿಣಕ್ಕೆ ನೋಡಿ. ಊರ ದೀಪಗಳಿಂದ ದೂರ ಹೋದರೆ ನಮ್ಮ ಕಡೆಯಿಂದಲೂ ತ್ರಿಶಂಕು ಕಾಣುತ್ತದೆ.