ಒಂದೇ ಹುಲ್ಲುಗಾವಲು, ಒಮ್ಮೆ ಸೊಂಪು, ಒಮ್ಮೆ ಸೊರಗು

ಒಂದೇ ಹುಲ್ಲುಗಾವಲಿಗೆ ಎರಡು ಸಲ ಬೆಂಕಿ ಬಿತ್ತು, ಒಮ್ಮೆ ಹುಲ್ಲು ಸೊಂಪಾಗಿ ಬಂತು, ಇನ್ನೊಮ್ಮೆ ಸೊರಗಿತು, ಹಾಗಾದರೆ ಬೆಂಕಿ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದ್ದೀರಿ. ಬೆಂಕಿಯೊಂದನ್ನೇ ನೋಡಿದರೆ ಉತ್ತರ ಸಿಗುವುದಿಲ್ಲ. ಅದರ ಹಿಂದುಮುಂದಿನ ಮಳೆಯನ್ನೂ ನೋಡಬೇಕು.

ಕರಕಲಾದ ಹುಲ್ಲಿನ ಬುಡವನ್ನು ಬೆರಳಿನಿಂದ ಬಿಡಿಸಿ ನೋಡಿ. ಹೊರಗೆಲ್ಲ ಬೂದಿ; ಒಳಗೆ, ಮಣ್ಣಿಗೆ ಅಂಟಿಕೊಂಡಂತೆ, ಹೊಸ ಚಿಗುರು ಹೊರಡುವ ತಿಳಿಹಸಿರು ಮೊಗ್ಗು ತೇವವಾಗಿಯೇ ಇರುತ್ತದೆ. ಹುಲ್ಲಿನ ಬೆಂಕಿ ಬೇಗ ಓಡುತ್ತದೆ, ಕೆಲವೇ ಸೆಂಟಿಮೀಟರ್ ಆಳದಲ್ಲಿ ಮಣ್ಣು ಹೆಚ್ಚೇನೂ ಕಾಯುವುದಿಲ್ಲ. ಪೊದೆ ಮತ್ತು ಎಳೆಯ ಮರಗಳ ಮೊಗ್ಗುಗಳು ಮೇಲಿರುವುದರಿಂದ ಪೆಟ್ಟು ಅವಕ್ಕೇ ಹೆಚ್ಚು. ತರಗು ಹೋದ ಕಪ್ಪು ನೆಲಕ್ಕೆ ಬಿಸಿಲು ನೇರವಾಗಿ ತಾಗಿ ಚಿಗುರು ಬೇಗ ಏಳುತ್ತದೆ. ಆದರೆ ಅದೇ ಬೋಳು ನೆಲ ಬೇಗ ಒಣಗುತ್ತದೆ ಕೂಡ. ಸುಟ್ಟ ಮೇಲೆ ಮಳೆ ಕೈಕೊಟ್ಟರೆ ಹುಲ್ಲು ಸೊರಗುತ್ತದೆ. ನಿಮ್ಮ ಎರಡನೆಯ ಸಲ ಆಗಿದ್ದು ಬಹುಶಃ ಇದೇ. ಹಿಂದಿನ ವರ್ಷದ ಮಳೆಗೂ ಇದರಲ್ಲಿ ಪಾಲಿದೆ: ಹುಲ್ಲು ದಟ್ಟವಾಗಿ ಬೆಳೆದು ಒಣಗಿದ್ದರೆ ತಾನೇ ಬೆಂಕಿಗೆ ಮೇವು?

ಎಷ್ಟು ವರ್ಷಕ್ಕೊಮ್ಮೆ ಸುಡುತ್ತದೆ ಎಂಬುದಂತೂ ಇನ್ನೂ ಮುಖ್ಯ. ಅಮೆರಿಕದ ಕಾನ್ಸಾಸ್‌ನ ಕೊಂಜಾ ಪ್ರೇರಿ ಎಂಬ ಹುಲ್ಲುಗಾವಲಿನಲ್ಲಿ ಸಂಶೋಧಕರು 1970ರ ದಶಕದಿಂದ ಬೇರೆ ಬೇರೆ ತುಂಡು ನೆಲಗಳನ್ನು ಬೇರೆ ಬೇರೆ ಅಂತರದಲ್ಲಿ ಸುಡುತ್ತ ಬಂದಿದ್ದಾರೆ; ಕೆಲವನ್ನು ಪ್ರತಿ ವರ್ಷ, ಕೆಲವನ್ನು 4 ವರ್ಷಕ್ಕೊಮ್ಮೆ, ಕೆಲವನ್ನು 20 ವರ್ಷಕ್ಕೊಮ್ಮೆ. ವರ್ಷವೂ ಸುಟ್ಟು ಮೇಯಿಸದೆ ಬಿಟ್ಟಲ್ಲಿ ಎತ್ತರದ ಹುಲ್ಲುಗಳದ್ದೇ ಪಾರುಪತ್ಯ, ಹೂಗಿಡಗಳು ಕಡಿಮೆ. 4 ವರ್ಷಕ್ಕೊಮ್ಮೆ ಸುಟ್ಟಲ್ಲಿ ಪೊದೆಗಳು ನುಗ್ಗಿದವು. ಬೈಸನ್ ಎಂಬ ಕಾಡುದನಗಳು ಮೇಯುವಲ್ಲಿ ಹೂಗಿಡಗಳ ವೈವಿಧ್ಯ ಹೆಚ್ಚಿತು.

ಮುಂದಿನ ಸಲ ಬೆಂಕಿ ಬಿದ್ದ ತಿಂಗಳನ್ನೂ ಆಮೇಲಿನ ಮೊದಲ ಮಳೆಯ ದಿನವನ್ನೂ ದಯವಿಟ್ಟು ಬರೆದಿಟ್ಟುಕೊಳ್ಳಿ.