ಪ್ರತಿಕ್ರಿಯೆ: ಖಂಡಿತ ಹೋಗಿ, ಮಗಳನ್ನೂ ಕರೆದುಕೊಂಡು

ಹಾಸ್ಯಕವಿ ಡುಂಡಿರಾಜರ ಹನಿಗವನಗಳನ್ನು ಪುಸ್ತಕದಲ್ಲಿ ಓದಿಯಾಗಿದೆ, ವೇದಿಕೆಯಲ್ಲಿ ಮತ್ತೆ ಕೇಳುವಂಥದ್ದೇನಿದೆ, ಹನ್ನೊಂದು ವರ್ಷದ ಮಗಳಿಗೆ ಅರ್ಥವಾದೀತೇ ಅಂತ ಕೇಳಿದ್ದೀರಿ.

ದಯವಿಟ್ಟು ಹೋಗಿ. ಪುಸ್ತಕದಲ್ಲಿ ನಾಲ್ಕೈದು ಸಾಲಿನ ಪದ್ಯ ಕಂಡ ಕೂಡಲೇ ಕಣ್ಣು ಕೊನೆಯ ಸಾಲಿಗೆ ಹಾರಿಬಿಡುತ್ತದೆ, ಗುಟ್ಟು ಮೊದಲೇ ರಟ್ಟಾಗುತ್ತದೆ. ಸಭೆಯಲ್ಲಿ ಹಾಗಾಗುವುದಿಲ್ಲ. ಕವಿ ಕೊನೆಯ ಪದಕ್ಕೆ ಮುಂಚೆ ಒಂದು ಉಸಿರು ನಿಲ್ಲಿಸಿದರೆ ಇಡೀ ಸಭಾಂಗಣ ಅವರ ಜೊತೆ ನಿಲ್ಲುತ್ತದೆ. ಆಮೇಲೆ ಮುಂದಿನ ಸಾಲಿನವರು ನಗುತ್ತಾರೆ, ಒಂದು ಕ್ಷಣ ಬಿಟ್ಟು ಹಿಂದಿನವರು. ಆ ತಡವಾದ ನಗು ನನಗೆ ತುಂಬಾ ಇಷ್ಟ.

ಶ್ಲೇಷೆ, ಅಂದರೆ ಒಂದೇ ಪದದಿಂದ ಬೇರೆ ಬೇರೆ ಅರ್ಥ ಹೊರಡಿಸುವ ಆಟ, ಇರುವುದೇ ಕಿವಿಗೆ. ‘ಹರಿ’ ಎಂದರೆ ದೇವರೋ, ಹರಿಯುವ ನೀರೋ, ಹರಿದ ಅಂಗಿಯೋ? ಮನೆಯಲ್ಲಿ ಮಗಳ ಹತ್ತಿರ ಇಂಥ ನಾಲ್ಕು ಪದ ಆಡಿಸಿ ನೋಡಿ, ಸಭೆಯಲ್ಲಿ ಅವಳೇ ನಿಮಗಿಂತ ಮೊದಲು ನಗುತ್ತಾಳೆ. ಗಂಡ-ಹೆಂಡತಿ, ರಾಜಕಾರಣದ ಕೆಲವು ಪದ್ಯ ಅವಳಿಗೆ ದಕ್ಕದಿರಬಹುದು, ಪರವಾಗಿಲ್ಲ.

ಇನ್ನೊಂದು ಮಾತು. ಹಲವು ಕವಿಗಳಿರುವ ಕವಿಗೋಷ್ಠಿಯಲ್ಲಿ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಅವರೊಬ್ಬರದೇ ಕಾರ್ಯಕ್ರಮವಿದ್ದರೆ ಅದನ್ನೇ ಆರಿಸಿಕೊಳ್ಳಿ. ಬೇಗ ಹೋಗಿ ಮುಂದೆ ಕೂತುಕೊಳ್ಳಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುತ್ತಾ ಕೂರಬೇಡಿ.