ಹೊಸ ಟ್ರ್ಯಾಕ್ ಸಾದಲ್ಲಿ (ಹಲಗೆಯ ಮೇಲಿಟ್ಟ ಟ್ರ್ಯಾಕಿನ ಗುಂಟ ಜಾರುವ ವಿದ್ಯುತ್ ಗರಗಸದಲ್ಲಿ) ಎಂಟು ಅಡಿಯ ಕೊಯ್ತ ನೇರವಾಗಿ ಬರುತ್ತಿಲ್ಲ, ಅಂಚೂ ಸುಡುತ್ತಿದೆ. ಏನನ್ನು ಹೊಂದಿಸಬೇಕು?

ಪುಣೆಯಿಂದ ನೀವು ಬರೆದಿರುವ ತೊಂದರೆ ಎರಡು. 18 ಮಿ.ಮೀ. ಪ್ಲೈವುಡ್ಡನ್ನು ಎಂಟು ಅಡಿ ಉದ್ದಕ್ಕೆ ಕೊಯ್ದಾಗ ಅಂಚು ನಡುವೆ ಬಾಗುತ್ತದೆ. ಕೊಯ್ದ ಮುಖದಲ್ಲಿ ಸುಟ್ಟ ಕಲೆಯೂ ಕಾಣುತ್ತದೆ. ಬ್ಲೇಡಿನ ಓರೆಯನ್ನು ಸರಿಪಡಿಸುವ ಸ್ಕ್ರೂಗಳನ್ನು ಸಡಿಲಿಸಬಹುದೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. ಬ್ಲೇಡು ತುಸು ಓರೆಯಾಗಿ ಕುಳಿತಿದ್ದರೂ ಯಂತ್ರವು ನೇರವಾದ ಟ್ರ್ಯಾಕಿನ ಮೇಲೆ ಅಲ್ಲಾಡದೆ ಸಾಗಿದರೆ ಗೆರೆ ನೇರವಾಗಿಯೇ ಬರುತ್ತದೆ, ಮುಖ ಮಾತ್ರ ಕೆಡುತ್ತದೆ. ಬಾಗು ಕಂಡರೆ ಮೊದಲು ಟ್ರ್ಯಾಕನ್ನು ಅನುಮಾನಿಸಬೇಕು.

ಈ ಪಾಠವನ್ನು ನಾನು ಠಾಣೆಯ ವಾಗ್ಳೆ ಎಸ್ಟೇಟಿನ ಗಾಲಾದಲ್ಲಿ (ಸಣ್ಣ ಕೈಗಾರಿಕಾ ಮಳಿಗೆಯಲ್ಲಿ) ನಷ್ಟ ಮಾಡಿಕೊಂಡು ಕಲಿತೆ. ಒಂದು ವಾರ್ಡ್‌ರೋಬಿನ ಜೋಡಿ ಬಾಗಿಲುಗಳು ಮೇಲೆ ಮತ್ತು ಕೆಳಗೆ ಕೂಡುತ್ತಿದ್ದವು, ನಡುವೆ ಮಾತ್ರ ನಾಣ್ಯ ತೂರುವಷ್ಟು ಸಂದು. ಅರ್ಧ ದಿನ ಯಂತ್ರದ ಸ್ಕ್ರೂಗಳನ್ನು ತಿರುಗಿಸಿದ ಮೇಲೆ, 1400 ಮಿ.ಮೀ. ಉದ್ದದ ಎರಡು ಟ್ರ್ಯಾಕುಗಳ ಜೋಡಣೆಯಲ್ಲೇ ಮುರಿವು ಇದೆಯೆಂದು ತಿಳಿಯಿತು. ನೀವೂ ಎರಡನ್ನು ಸೇರಿಸಿಯೇ ಕೊಯ್ಯುತ್ತಿರಬೇಕು. ಸೇರಿಸುವಾಗ ತುದಿಗಳನ್ನು ಒಂದಕ್ಕೊಂದು ಒತ್ತಿ ಕೂಡಿಸದೆ ಕೂದಲೆಳೆಯ ಸಂದು ಬಿಟ್ಟು, ಉದ್ದನೆಯ ನೇರಪಟ್ಟಿಯನ್ನು ಅಲ್ಯುಮಿನಿಯಂ ಅಂಚಿಗೆ ಒತ್ತಿಟ್ಟುಕೊಂಡು ಜೋಡಣೆಯ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. (ಗಾರೆಯವರ ಅಲ್ಯುಮಿನಿಯಂ ಪಟ್ಟಿಯನ್ನು ಎರವಲು ತರಬೇಡಿ, ಅದು ಎಷ್ಟು ಸಲ ಬಿದ್ದೆದ್ದಿದೆಯೋ ಯಾರಿಗೆ ಗೊತ್ತು.) ಬಳಿಕ ಟ್ರ್ಯಾಕಿನ ಹಿಂಬದಿಯ ಅಂಚಿನ ಗುಂಟ ಚೂಪಾದ ಪೆನ್ಸಿಲಿನಿಂದ ಗೆರೆ ಎಳೆದು, ಟ್ರ್ಯಾಕನ್ನು ಮಗುಚದೆ ತುದಿಗಳನ್ನಷ್ಟೇ ಅದಲುಬದಲು ಮಾಡಿ, ಅದೇ ಅಂಚನ್ನು ಗೆರೆಯ ಆಚೆ ಬದಿಯಿಂದ ಕೂಡಿಸಿ ಇನ್ನೊಂದು ಗೆರೆ ಎಳೆಯಿರಿ. ಎರಡು ಗೆರೆಗಳ ನಡುವೆ ಕಾಣುವ ಸಂದು ನಿಜವಾದ ಬಾಗಿನ ಎರಡರಷ್ಟು, ಆದ್ದರಿಂದ ಬರಿಗಣ್ಣಿಗೇ ಸಿಗುತ್ತದೆ.

ಟ್ರ್ಯಾಕ್ ನೇರವಿದ್ದರೆ, ಅದರ ಅಡಿಯ ರಬ್ಬರ್ ಪಟ್ಟಿಗಳಲ್ಲಿ ಮರದ ಪುಡಿ ಕುಳಿತು ಜಾರುತ್ತಿದೆಯೇ ನೋಡಿ ಒರೆಸಿರಿ. ಆಮೇಲೆ ತಳದ ಫಲಕದಲ್ಲಿರುವ ಎರಡು ಹೊಂದಿಕೆ ಗುಬುಟುಗಳನ್ನು, ಪಕ್ಕಕ್ಕೆ ನೂಕಿದಾಗ ಯಂತ್ರ ಅಲ್ಲಾಡದಂತೆ, ಆದರೆ ಮುಂದಕ್ಕೆ ಒಂದೇ ಕೈಯಲ್ಲಿ ಸರಾಗವಾಗಿ ಜಾರುವಂತೆ ತಿರುಗಿಸಿರಿ. ಎಣ್ಣೆ ಹಾಕಬೇಡಿ, ಪುಡಿ ಅಂಟುತ್ತದೆ. ಒಣ ಮೇಣ ಸಾಕು. ವೈರು ಅಥವಾ ವ್ಯಾಕ್ಯೂಮ್ ಪೈಪು ಟ್ರ್ಯಾಕಿನ ತುದಿಗೆ ಸಿಕ್ಕಿ ಯಂತ್ರವನ್ನು ಎಳೆಯುವುದೂ ಉಂಟು.

ಈಗ ಸುಟ್ಟ ಕಲೆ. ಮೊಂಡಾದ ಬ್ಲೇಡು ಅಥವಾ ತೀರಾ ನಿಧಾನವಾದ ನೂಕು ಇದಕ್ಕೆ ಸಾಮಾನ್ಯ ಕಾರಣ. ಅವೆರಡೂ ಅಲ್ಲವಾದರೆ ಟ್ರ್ಯಾಕಿನ ಅಡಿಯಲ್ಲಿದ್ದ ತುಂಡಿನ ಮುಖವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಹಲ್ಲಿನ ಗೀರುಗಳು ಒಂದೇ ದಿಕ್ಕಿಗೆ ಬಾಗಿದ್ದರೆ ಎಲ್ಲ ಸರಿಯಿದೆ. ಒಂದರ ಮೇಲೊಂದು ಅಡ್ಡಹಾಯ್ದು ಜಾಳಿಗೆಯಂತೆ ಕಂಡರೆ ಬ್ಲೇಡಿನ ಹಿಂಭಾಗವೂ ಅಲ್ಲಿ ಉಜ್ಜುತ್ತಿದೆ ಎಂದರ್ಥ. ಆಗ ಮಾತ್ರ ಪ್ಲಗ್ ಕಿತ್ತು, ಬ್ಲೇಡನ್ನು ಇಳಿಸಿ ನಿಲ್ಲಿಸಿ, ಒಂದೇ ಹಲ್ಲಿಗೆ ಗುರುತು ಹಾಕಿ, ಅದನ್ನು ಮೊದಲು ಮುಂದೆ, ಆಮೇಲೆ ಹಿಂದೆ ತಿರುಗಿಸಿ, ಟ್ರ್ಯಾಕಿನಿಂದ ಇರುವ ದೂರವನ್ನು ಅಳೆಯಿರಿ. ಹಿಂದಿನ ಅಳತೆ ಒಂದು ಕಾಗದದ ದಪ್ಪದಷ್ಟು, ಅಂದರೆ ಸುಮಾರು 0.1 ಮಿ.ಮೀ., ಹೆಚ್ಚಿರುವಂತೆ ನೀವು ಕೇಳಿದ ಆ ಸ್ಕ್ರೂಗಳನ್ನು ಸಡಿಲಿಸಿ ಬ್ಲೇಡನ್ನು ಹೊಂದಿಸಿರಿ. ಅದಕ್ಕಿಂತ ಹೆಚ್ಚು ತಿರುಗಿಸಿದರೆ ಕೊಯ್ತದ ದಾರಿ ಸುಮ್ಮನೆ ಅಗಲವಾಗುತ್ತದೆ.

ಸಿಬಿರು ತಡೆಯುವ ಅಂಚಿನ ರಬ್ಬರ್ ಪಟ್ಟಿಯನ್ನು ಇಷ್ಟೆಲ್ಲ ಮುಗಿದ ನಂತರವೇ ಹೊಸದಾಗಿ ಅಂಟಿಸಿ, ನಿಮ್ಮದೇ ಬ್ಲೇಡಿನಿಂದ ಕತ್ತರಿಸಿಕೊಳ್ಳಿ. ಮೊದಲೇ ಕತ್ತರಿಸಿದರೆ ಬ್ಲೇಡು ಸರಿದ ಮೇಲೆ ಆ ಅಂಚು ಕೊಯ್ತದ ಗೆರೆಯನ್ನು ತೋರಿಸುವುದಿಲ್ಲ. ಆಳವನ್ನು ಪ್ಲೈವುಡ್ಡಿನ ದಪ್ಪಕ್ಕಿಂತ 2-3 ಮಿ.ಮೀ. ಹೆಚ್ಚಿಡಿ, ಅಡಿಗೆ ಥರ್ಮೋಕೋಲ್ ಹಾಸಿರಿ. ನಿಮ್ಮ ಯಂತ್ರದ ಅಳತೆಪಟ್ಟಿಯಲ್ಲಿ ಟ್ರ್ಯಾಕಿನ ದಪ್ಪ ಸೇರಿದೆಯೋ ಇಲ್ಲವೋ ಎಂಬುದನ್ನು ಒಂದು ಚೂರು ಹಲಗೆಯ ಮೇಲೆ ಮೊದಲೇ ಪರೀಕ್ಷಿಸಿಕೊಳ್ಳಿ.